ಮೈಸಮ್ಮನ ಮುಂದೆ ಮೂರು ನಿಮಿಷ

ಸೂಗಪ್ಪ ಉಸ್ತಾದನಿಗೆ ಮೀಟರುಗಳೆಂದರೆ ಅಷ್ಟಕ್ಕಷ್ಟೆ. ಬಿಸಿ ನೋಡುವುದಕ್ಕೆ ದೇವರು ಕೈ ಕೊಟ್ಟಿದ್ದಾನೆ, ಕೈಗೆ ತಾಳದಷ್ಟು ಬಿಸಿಯಾದರೆ ನೀರು ಕೊಟ್ಟಿದ್ದಾನೆ, ಇನ್ನು ಮುಳ್ಳಿನ ಡಬ್ಬಿಯೊಂದನ್ನು ಕಟ್ಟಿಕೊಂಡು ಆಗುವುದೇನು ಎಂಬುದು ಅವನ ವಾದ. ಲಾರಿ ಗ್ಯಾರೇಜಿಗೆ ಬಂದು ನಿಂತ ಕೂಡಲೇ ಇಂಜಿನ್ನಿನ ಮುಚ್ಚಳ ಎತ್ತಿ, ಬಾಟಲಿಯಿಂದ ಬೆರಳಿಗೆ ನೀರು ಹಚ್ಚಿಕೊಂಡು, ಹೊಗೆ ಹೊರಗೆ ಹೋಗುವ ಬೀಡು ಕಬ್ಬಿಣದ ಕೊಳವೆಯ ಮೇಲೆ ಮೂರು ಹನಿ ಚಿಮುಕಿಸುತ್ತಿದ್ದ. ಹನಿ ಸುಮ್ಮನೆ ಆರಿದರೆ ಒಂದು ಅರ್ಥ, ಚುಂಯ್ ಎಂದರೆ ಇನ್ನೊಂದು, ಗುಂಡಗಾಗಿ ಅತ್ತಿತ್ತ ಕುಣಿದರೆ ಮತ್ತೊಂದು. ಮನೆಯಲ್ಲಿ ಅವನ ಹೆಂಡತಿ ಗದಿಗೆಮ್ಮ ರೊಟ್ಟಿ ಹಂಚಿನ ಮೇಲೆ ಇದನ್ನೇ ಮಾಡುತ್ತಿದ್ದಳು. ಯಾರು ಯಾರಿಂದ ಕಲಿತದ್ದು ಎಂಬ ಜಗಳ ಆ ಮನೆಯಲ್ಲಿ ಮೂವತ್ತು ವರ್ಷದಿಂದ ನಡೆದಿದೆ, ಇನ್ನೂ ಇತ್ಯರ್ಥವಾಗಿಲ್ಲ.

ಸೂಗಪ್ಪನ ಗ್ಯಾರೇಜು ಹೈದರಾಬಾದಿನ ಮೆಹದಿಪಟ್ಟಣಂ ದಾಟಿ ಚೇವೆಳ್ಳದ ಕಡೆ ಹೋಗುವ ರಸ್ತೆಯಲ್ಲಿದೆ. ಸೇಡಂ ಹತ್ತಿರದ ಹಳ್ಳಿಯವನು. ಹದಿನೇಳನೆಯ ವಯಸ್ಸಿನಲ್ಲಿ ಚನ್ನಬಸಪ್ಪ ಎಂಬ ಡ್ರೈವರನ ಲಾರಿಗೆ ಕ್ಲೀನರ್ ಆಗಿ ಹತ್ತಿದ. ತಾಂಡೂರಿನಿಂದ ಹೈದರಾಬಾದಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ತರುವ ಲಾರಿ ಅದು. ಎಂಟು ವರ್ಷ ಅದರಲ್ಲಿ ಓಡಾಡಿದ ಮೇಲೆ, ಲಾರಿ ಓಡಿಸುವುದಕ್ಕಿಂತ ಲಾರಿ ಬಿಚ್ಚುವುದರಲ್ಲೇ ತನಗೆ ಸುಖ ಎಂದು ಗೊತ್ತಾಗಿ ಈ ಊರಿನಲ್ಲೇ ಇಳಿದುಬಿಟ್ಟ. ಈಗ ಐವತ್ತೊಂಬತ್ತು. ಗಿರಾಕಿಗಳ ಜೊತೆ ತೆಲುಗು, ಬಿಡಿಭಾಗದ ಅಂಗಡಿಗಳಲ್ಲಿ ಹಿಂದಿ. ಜಾಮಾದ ನಟ್ಟನ್ನು ಬೈಯುವಾಗ ಮಾತ್ರ ಇವತ್ತಿಗೂ ಅಪ್ಪಟ ಸೇಡಂ ಕನ್ನಡ. ನಟ್ಟುಗಳಿಗೆ ಆ ಭಾಷೆಯೇ ಚೆನ್ನಾಗಿ ತಿಳಿಯುತ್ತದೆ ಎಂದು ಅವನ ನಂಬಿಕೆ.

ಆ ರಸ್ತೆಯ ಲಾರಿಯವರೆಲ್ಲ ಅವನ ಕೈಗುಣವನ್ನು ಹೊಗಳುತ್ತಿದ್ದರು. ಸೂಗಪ್ಪ ಕೂಡಿಸಿದ ಇಂಜಿನ್ನು ಮಾಲೀಕ ಬದಲಾದರೂ ಬದಲಾಗುವುದಿಲ್ಲ ಎನ್ನುತ್ತಿದ್ದರು. ಹೊಗಳಿಕೆಗೆ ಅವನು ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಲೂ ಇರಲಿಲ್ಲ. ಮನುಷ್ಯ ಒಳಗೊಳಗೇ ಉಬ್ಬುತ್ತಿದ್ದ, ಸುಳ್ಳೇಕೆ ಹೇಳಬೇಕು.

ಅಂಥವನ ಕೈಗೇ ಈಗ ಕುತ್ತು ಬಂದಿತ್ತು. ಸೂರ್ಯಕಾಂತ ಸಾವಕಾರರ ಹತ್ತು ಗಾಲಿಯ ಲಾರಿಗೆ ಅವನು ಕೂಡಿಸಿದ ಟರ್ಬೊ ಆರೇ ತಿಂಗಳಿಗೆ ಹೋಯಿತು. ಇನ್ನೊಂದು ಕೂಡಿಸಿದ. ಅದು ಎಂಟು ತಿಂಗಳು ಬಾಳಿತು. ಟರ್ಬೊ ಎಂದರೆ ಇಂಜಿನ್ನಿನ ಬಿಸಿ ಹೊಗೆ ಹೊರಗೆ ನುಗ್ಗುವ ದಾರಿಯಲ್ಲಿ ಕೂರುವ ಒಂದು ಗಿರಗಿಟ್ಟಲೆ. ಹೊಗೆ ಅದನ್ನು ತಿರುಗಿಸುತ್ತದೆ, ಅದು ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ, ತುಂಬಿದ ಲಾರಿ ಘಾಟಿ ಹತ್ತುತ್ತದೆ. ಆ ಗಿರಗಿಟ್ಟಲೆಯ ಕಡ್ಡಿ ನಿಂತಿರುವುದು ಎಣ್ಣೆಯ ಒಂದು ತೆಳು ಪದರದ ಮೇಲೆ. ಸೂಗಪ್ಪ ಸತ್ತ ಟರ್ಬೊ ಬಿಚ್ಚಿ ನೋಡಿದಾಗ ಎರಡರಲ್ಲೂ ಒಂದೇ ಕಥೆ. ಎಣ್ಣೆ ಸುಟ್ಟು, ತಳ ಹಿಡಿದ ಪಲ್ಯದ ಹಾಗೆ ಕಪ್ಪಗೆ ಕಡ್ಡಿಗೆ ಅಂಟಿಕೊಂಡಿತ್ತು. ಎಣ್ಣೆ ಬದಲಿಸಿ ನೋಡಿದ, ಎಣ್ಣೆಯ ಪೈಪು ಬದಲಿಸಿ ನೋಡಿದ. ಡ್ರೈವರ್ ಹುಲಗೇಶನನ್ನು ಕೂರಿಸಿಕೊಂಡು, ಓಡಿ ಬಂದ ಗಾಡಿಯನ್ನು ಕೂಡಲೇ ಬಂದ್ ಮಾಡುತ್ತೀಯಾ ಎಂದು ವಿಚಾರಿಸಿದ. ಓಡಿ ಬಂದ ಟರ್ಬೊ ಗಾಡಿಯನ್ನು ನಿಲ್ಲಿಸಿದ ಮೇಲೆ ಇಂಜಿನ್ನನ್ನು ಎರಡು ಮೂರು ನಿಮಿಷ ಸ್ಲೋದಲ್ಲಿ ಓಡಲು ಬಿಟ್ಟು, ಒಳಗಿನ ಕಾವು ಇಳಿದ ಮೇಲೆಯೇ ಚಾವಿ ತಿರುಗಿಸಬೇಕು. ಹುಲಗೇಶ ಹಣೆಯ ವಿಭೂತಿ ಮುಟ್ಟಿ ಆಣೆ ಮಾಡಿದ: ಢಾಬಾದಲ್ಲಿ, ತೂಕದ ಕಾಟಾದಲ್ಲಿ, ಕಲ್ಲಿನ ಯಾರ್ಡಿನಲ್ಲಿ, ಎಲ್ಲಿಯೂ ತಾನು ಹಾಗೆ ಮಾಡುವುದಿಲ್ಲ. ಹುಲಗೇಶ ಆ ಹಳೆಯ ಚನ್ನಬಸಪ್ಪನ ಮಗ. ಸುಳ್ಳು ಹೇಳುವ ಪೈಕಿ ಅಲ್ಲ.

ಹಾಗಾದರೆ ಉಳಿದದ್ದು ಸೂಗಪ್ಪನ ಕೈ ಒಂದೇ.

ಮೂರನೆಯ ಟರ್ಬೊ ಬಂದ ದಿನ ಸೂರ್ಯಕಾಂತ ತಾವೇ ಗ್ಯಾರೇಜಿಗೆ ಬಂದರು. ಟೈರಿನ ಮೇಲೆ ಕೂತು ಚಹಾ ಕುಡಿದರು. ಕೂಗಾಡಿದ್ದರೆ ಸೂಗಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಮೆತ್ತಗೆ ಮಾತಾಡಿದರು.

"ಸೂಗಪ್ಪಣ್ಣ, ನನಗ ನಿಮ್ಮ ಮ್ಯಾಲ ಸಿಟ್ಟಿಲ್ರಿ. ಇದನ್ನೂ ನೀವ ಕೂಡ್ರಸ್ರಿ. ಇದೂ ಹೋತಂದ್ರ ಗಾಡಿ ಕಂಪನಿ ವರ್ಕ್‌ಶಾಪಿಗೆ ಹಾಕ್ತೀನಿ. ವಯಸ್ಸಾಗೈತಿ, ಎಲ್ಲಾರ ಕೈನೂ ಒಂದ ದಿನ ಸೋಲತಾವ."

ಸೂಗಪ್ಪ ಬಲಗೈಯನ್ನು ಹಿಂದಕ್ಕೆ ಇಟ್ಟುಕೊಂಡ. ಅದಕ್ಕೆ ಕಾರಣವಿತ್ತು. ಸಂಕ್ರಾಂತಿ ಕಳೆದಾಗಿನಿಂದ ಆ ಕೈಯ ಹೆಬ್ಬೆರಳು ಚಹಾದ ಲೋಟ ಹಿಡಿದಾಗ ಸಣ್ಣಗೆ ಅದುರುತ್ತಿತ್ತು. ಯಾರಿಗೂ ಗೊತ್ತಾಗಬಾರದೆಂದು ಅವನು ಅರ್ಧ ಲೋಟ ಚಹಾ ಕುಡಿಯುವುದನ್ನು ರೂಢಿ ಮಾಡಿಕೊಂಡಿದ್ದ. ಸಕ್ಕರೆ ಕಡಿಮೆ ಮಾಡುತ್ತಿದ್ದೇನೆ ಎಂದು ನೆಪ ಹೇಳುತ್ತಿದ್ದ. ಟರ್ಬೊ ಕೂಡಿಸುವಾಗಲೂ ಬೆರಳು ಅದುರಿರಬಹುದೇ, ಮಣ್ಣಿನ ಒಂದು ಕಣ ಒಳಗೆ ಬಿದ್ದಿರಬಹುದೇ, ನಟ್ಟು ಒಂದು ಎಳೆ ಸಡಿಲ ಉಳಿದಿರಬಹುದೇ ಎಂಬ ಯೋಚನೆ ಅವನನ್ನು ತಿನ್ನುತ್ತಿತ್ತು. ನಲವತ್ತು ವರ್ಷ ಕೈಯನ್ನೇ ನಂಬಿ ಬದುಕಿದವನಿಗೆ ಕೈಯ ಮೇಲೇ ಅನುಮಾನ ಬಂದರೆ ಊಟ ರುಚಿಸುತ್ತದೆಯೇ? ರುಚಿಸುತ್ತಿರಲಿಲ್ಲ.

ಅವನ ಮನೆ ನಾರಾಯಣಗೂಡದ ಒಂದು ಸಂದಿಯಲ್ಲಿ. ಕೋಚಿಂಗಿಗೆಂದು ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಮಕ್ಕಳಿಗೆ ಗದಿಗೆಮ್ಮ ಅಲ್ಲಿ ದಿನಕ್ಕೆ ನೂರೈವತ್ತು ಜೋಳದ ರೊಟ್ಟಿ ಬಡಿಯುತ್ತಾಳೆ. ಒಬ್ಬಳೇ ಮಗಳು ಉಮಾಶ್ರೀ ಡಿಪ್ಲೊಮಾ ಮುಗಿಸಿ ತಾರ್ನಾಕದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ಥರ್ಮಾಮೀಟರುಗಳು ನಿಜ ಹೇಳುತ್ತವೋ ಸುಳ್ಳು ಹೇಳುತ್ತವೋ ಎಂದು ಪರೀಕ್ಷೆ ಮಾಡುವ ಕೆಲಸ. ಮಗಳು ಪೊಲೀಸ್ ಇಲಾಖೆಗೆ ಸೇರಿದ್ದಾಳೆ, ಆದರೆ ಕಳ್ಳರೆಲ್ಲ ಗಾಜಿನವರು ಎಂದು ಸೂಗಪ್ಪ ಕಾಡಿಸುತ್ತಿದ್ದ.

ಆ ಭಾನುವಾರ ಅವನು ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದಾಗ ಉಮಾಶ್ರೀ ತಡೆದು ಕೂರಿಸಿದಳು. ಮೊದಲು ಹಾರಿಕೆಯ ಮಾತಾಡಿದ, ಆಮೇಲೆ ಎಲ್ಲವನ್ನೂ ಹೇಳಿದ. ಹೆಬ್ಬೆರಳಿನ ವಿಷಯ ಮಾತ್ರ ಬಿಟ್ಟ. ಅದು ಗದಿಗೆಮ್ಮನಿಗೆ ಮೊದಲೇ ಗೊತ್ತಿತ್ತು, ಅವಳೂ ಬಿಟ್ಟಳು. ಎಣ್ಣೆ ಸುಟ್ಟಿದೆ ಎಂದರೆ ಎಲ್ಲೋ ಕಾವು ಮಿತಿ ಮೀರಿದೆ, ಎಷ್ಟು ಮೀರಿದೆ ನೋಡಿದ್ದೀಯಾ ಎಂದು ಮಗಳು ಕೇಳಿದಳು. ನೋಡಿದ್ದೇನೆ, ಹನಿ ಚೆನ್ನಾಗಿಯೇ ಕುಣಿಯುತ್ತಿತ್ತು ಎಂದ ಸೂಗಪ್ಪ.

"ಅಪ್ಪಾ, ಹನಿ ಕುಣೀತು ಅಂದ್ರ ಇನ್ನೂರು ಡಿಗ್ರಿ ದಾಟೈತಿ ಅಂತ ಗೊತ್ತಾಗ್ತೈತಿ, ಅಷ್ಟ. ಮುನ್ನೂರಕ್ಕೂ ಕುಣೀತೈತಿ, ಏಳುನೂರಕ್ಕೂ ಹಂಗ ಕುಣೀತೈತಿ. ಅಲ್ಲಿಂದ ಮ್ಯಾಲೆ ನಿನ್ನ ಕೈಗೂ ಕಾಣೂದಿಲ್ಲ, ನೀರಿಗೂ ಕಾಣೂದಿಲ್ಲ."

ಸೂಗಪ್ಪ ಬಿಟ್ಟಿದ್ದ ಅರ್ಧ ರೊಟ್ಟಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ.

ನಾಲ್ಕು ದಿನ ಕಳೆದು ಉಮಾಶ್ರೀ ರಾಣಿಗಂಜಿನ ಅಂಗಡಿಯಿಂದ ಒಂದು ಮೀಟರ್ ತಂದಳು. ಅಂಗೈಯಗಲದ ಮುಖ, ಸೊನ್ನೆಯಿಂದ ಒಂಬೈನೂರರ ತನಕ ಗೆರೆ, ಒಂದು ಕೆಂಪು ಮುಳ್ಳು. ಅದರ ಜೊತೆ ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪನೆಯ ಉಕ್ಕಿನ ಕಡ್ಡಿ. ಆ ಕಡ್ಡಿಯನ್ನು ಹೊಗೆಯ ದಾರಿಯಲ್ಲಿ, ಟರ್ಬೊಕ್ಕೆ ಗೇಣು ಮುಂಚೆ, ತೂರಿಸಿ ಕೂರಿಸಬೇಕು. ಹೊಗೆ ಎಷ್ಟು ಕಾದಿದೆ ಎಂಬುದನ್ನು ಮುಳ್ಳು ಡ್ರೈವರನ ಕಣ್ಣೆದುರು ಹೇಳುತ್ತದೆ. ಕೂಡಿಸುವ ಮೊದಲು ಅದರ ಸತ್ಯ ಪರೀಕ್ಷೆಯಾಗಲಿ ಎಂದು ಉಮಾಶ್ರೀ ಮೀಟರಿಗೆ ಪುಟ್ಟ ಬ್ಯಾಟರಿ ಕಟ್ಟಿ, ಕಡ್ಡಿಯನ್ನು ಕುದಿಯುವ ನೀರಿಗೆ ಇಳಿಸಿದಳು. ಹಿಟ್ಟು ನಾದುವ ಎಸರಿನಲ್ಲಿ ಇಳಿಸುವುದಕ್ಕೆ ಗದಿಗೆಮ್ಮ ಬಿಡಲಿಲ್ಲ, ಬೇರೆ ಪಾತ್ರೆ ಕೊಟ್ಟಳು. ಮುಳ್ಳು ಎದ್ದು ನೂರರ ಗೆರೆಗೆ ಕೂದಲಷ್ಟು ಕೆಳಗೆ ನಿಂತಿತು.

ಮೊದಲ ಮಾತೇ ಸುಳ್ಳು ಎಂದು ಸೂಗಪ್ಪ ಖುಷಿಪಟ್ಟ. ಹೈದರಾಬಾದು ಸಮುದ್ರಕ್ಕಿಂತ ಎತ್ತರದಲ್ಲಿದೆ, ಇಲ್ಲಿ ನೀರು ತೊಂಬತ್ತೆಂಟಕ್ಕೇ ಕುದಿಯುತ್ತದೆ, ಮೀಟರ್ ಅದನ್ನೂ ಹಿಡಿದಿದೆ ಎಂದಳು ಮಗಳು. ಅದಕ್ಕೇ ಈ ಊರಲ್ಲಿ ಹಿಟ್ಟು ಸೇಡಂನ ಹದಕ್ಕೆ ಬರುವುದಿಲ್ಲ, ಮೂವತ್ತು ವರ್ಷದಿಂದ ಬಡಕೊಳ್ಳುತ್ತಿದ್ದೇನೆ, ಯಾರು ಕೇಳುತ್ತಾರೆ ಎಂದು ಗದಿಗೆಮ್ಮ ಒಳಗಿನಿಂದ ದನಿ ಸೇರಿಸಿದಳು. ಸೇಡಂ ಕೂಡ ಹೆಚ್ಚು ಕಡಿಮೆ ಅಷ್ಟೇ ಎತ್ತರದಲ್ಲಿದೆ ಎಂದು ಹೇಳುವ ಧೈರ್ಯ ಮಗಳಿಗೆ ಬರಲಿಲ್ಲ. ಸೂಗಪ್ಪ ಇನ್ನೂ ಅನುಮಾನಿಸುತ್ತ ಕೂತಿದ್ದಾಗ ಗದಿಗೆಮ್ಮ ಕೈಯ ಹಿಟ್ಟು ಒರೆಸುತ್ತ ಹೊರಗೆ ಬಂದಳು.

"ನಿಮ್ಮ ಕೈ ಸೋತಿಲ್ಲ ಅಂತ ನನಗ ಗೊತ್ತೈತ್ರಿ. ಆದ್ರ ಸಾವಕಾರ ನನ್ನ ಮಾತು ಕೇಳತಾರೇನು? ಹಚ್ಚಿ ಬಿಡ್ರಿ ಮೀಟರ್."

ಮರುದಿನ ಬೆಳಿಗ್ಗೆಯೇ ಅವನು ಕೆಲಸಕ್ಕೆ ಕೂತ. ಅವಸರದವರು ಹೊಗೆಯ ಕೊಳವೆಯನ್ನು ಬಿಚ್ಚದೆ ಅಲ್ಲೇ ಡ್ರಿಲ್ ಹೊಡೆಯುತ್ತಾರೆ. ಹಾಗೆ ಮಾಡಿದರೆ ಬೀಡಿನ ಚೂರು ಒಳಗೆ ಬಿದ್ದು, ಇಂಜಿನ್ ಚಾಲೂ ಆದ ಕೂಡಲೇ ಟರ್ಬೊದ ರೆಕ್ಕೆ ಸೇರುತ್ತದೆ. ಸೂಗಪ್ಪ ಇಡೀ ಕೊಳವೆಯನ್ನು ಬಿಚ್ಚಿ ಮೇಜಿಗೆ ಬಿಗಿದ ಶಿಕಂಜಿಯ ಉಕ್ಕಿನ ಬಾಯಿಗೆ ಕಚ್ಚಿಸಿದ. ಆರು ಸಿಲಿಂಡರಿನ ಹೊಗೆ ಕೂಡುವ ಜಾಗವನ್ನು ಬೆರಳಿಟ್ಟು ಗುರುತಿಸಿ, ಸೀಮೆಸುಣ್ಣದ ಚುಕ್ಕೆ ಇಟ್ಟ. ಡ್ರಿಲ್ಲಿನ ತುದಿಗೆ ಗ್ರೀಸ್ ಮೆತ್ತಿ ನಿಧಾನಕ್ಕೆ ಇಳಿಸಿದ. ಬೀಡು ಅವಸರ ಮಾಡಿದರೆ ಸೀಳುತ್ತದೆ. ಆಮೇಲೆ ಕಡ್ಡಿಯನ್ನು ತಿರುಗಿಸಿ ಬಿಗಿಯಲು ಆ ತೂತಿನಲ್ಲಿ ಒಳಸುತ್ತು ಕೊರೆಯುವ ಕೆಲಸ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಮತ್ತೆ ಅರ್ಧ ಮುಂದೆ. ಈ ಕೆಲಸಕ್ಕೆ ಕಣ್ಣು ಬೇಕಿಲ್ಲ, ಉಪಕರಣದ ಹಿಡಿಯಲ್ಲಿ ಬೆರಳಿಗೆ ತಿಳಿಯುತ್ತದೆ. ಮುಗಿದ ಮೇಲೆ ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅದು ಒಂದು ಸಲವೂ ಅದುರಿರಲಿಲ್ಲ. ಆದರೆ ಕೈ ಸುಮ್ಮನಿದೆ ಎಂಬುದು ಅವನೊಬ್ಬನ ಸಾಕ್ಷಿ, ಅದನ್ನು ಯಾರಿಗೆ ತೋರಿಸುವುದು?

ಕೊಳವೆಯನ್ನು ಗಾಳಿ ಹೊಡೆದು ತೊಳೆದು, ಹೊಸ ಟರ್ಬೊ ಸಮೇತ ಮತ್ತೆ ಕೂಡಿಸಿದ. ಕಡ್ಡಿಯ ತುದಿ ಹೊಗೆಯ ದಾರಿಯ ನಟ್ಟನಡುವೆ ಬರುವಂತೆ ಬಿಗಿದ. ಅದರ ತಂತಿಯನ್ನು ಬಿಸಿ ತಾಗದಂತೆ ದೂರದಿಂದ ತಂದು, ಕ್ಯಾಬಿನ್ನಿನ ತಳದ ತೂತಿಗೆ ರಬ್ಬರ್ ಕೊಟ್ಟು ಒಳಗೆಳೆದು, ಸ್ಟಿಯರಿಂಗಿನ ಪಕ್ಕ ಮೀಟರ್ ಕೂರಿಸಿದ. ಮೀಟರಿನ ಕರೆಂಟನ್ನು ಚಾವಿ ತಿರುಗಿಸಿದಾಗ ಮಾತ್ರ ಜೀವ ಬರುವ ವೈರಿಗೆ ಕೊಡು ಎಂದು ಉಮಾಶ್ರೀ ಎರಡು ಸಲ ಹೇಳಿದ್ದಳು. ಆ ವೈರು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಎಲ್ಲೋ ಇತ್ತು. ಅದನ್ನು ಹುಡುಕಲು ನೆಲಕ್ಕೆ ಮಲಗಬೇಕು, ಮಲಗಿದರೆ ಮಂಡಿ ಏಳಗೊಡುವುದಿಲ್ಲ. ಸೂಗಪ್ಪ ಕೈಗೆ ಸಿಕ್ಕಿದ ನೇರ ಬ್ಯಾಟರಿಯ ವೈರಿಗೇ ಸುತ್ತಿ ಟೇಪು ಹಚ್ಚಿದ.

ಇಂಜಿನ್ ಚಾಲೂ ಮಾಡಿದಾಗ ಮುಳ್ಳು ಮೇಲೇರುವ ಬದಲು ಸೊನ್ನೆಗಿಂತ ಕೆಳಗೆ ಒತ್ತಿಕೊಂಡು ನಿಂತಿತು. ಇಂಜಿನ್ ಕಾದಷ್ಟೂ ಮೀಟರ್ ತಣ್ಣಗಾಗುತ್ತಿದೆ ಎಂದು ಸೂಗಪ್ಪ ಮಗಳಿಗೆ ಫೋನ್ ಮಾಡಿ ಅಣಕಿಸಿದ. ಕಡ್ಡಿಯ ಎರಡು ವೈರು ಅದಲು ಬದಲಾಗಿವೆ ನೋಡು ಎಂದಳು. ಅದೂ ನಿಜವಾಗಿತ್ತು. ಸರಿಪಡಿಸಿ ಗಾಡಿ ಬಂದ್ ಮಾಡಿದರೆ ಮೀಟರಿನ ದೀಪ ಆರಲಿಲ್ಲ. ಬ್ಯಾಟರಿಗೆ ನೇರ ಕೊಟ್ಟಿದ್ದೀಯಾ ಎಂದು ಅವಳು ಅಲ್ಲಿಂದಲೇ ಕಂಡುಹಿಡಿದು ಬೈದಳು. ಊರಿಗೆ ಹೋಗಿ ಬಂದ ಮೇಲೆ ಬದಲಿಸುತ್ತೇನೆ ಎಂದು ಸೂಗಪ್ಪ ಫೋನ್ ಇಟ್ಟ.

ಊರು ಎಂದರೆ ತಾಂಡೂರು. ತುಂಬಿದ ಗಾಡಿಯಲ್ಲಿ ಘಾಟಿ ಹತ್ತದೆ ಕಾವು ತಿಳಿಯದು, ಹಾಗಾಗಿ ಬಹಳ ವರ್ಷದ ಮೇಲೆ ಸೂಗಪ್ಪ ಲಾರಿ ಹತ್ತಿ ಹುಲಗೇಶನ ಪಕ್ಕ ಕೂತ. ಹುಲಗೇಶನಿಗೆ ನಲವತ್ತೊಂದು. ಗಾಡಿಯನ್ನು ಮದುವಣಗಿತ್ತಿಯಂತೆ ಇಟ್ಟುಕೊಂಡಿದ್ದ. ಕನ್ನಡಿಗೆ ಚೆಂಡುಹೂವಿನ ಸರ, ಡ್ಯಾಶ್‌ಬೋರ್ಡಿಗೆ ನಿಂಬೆಹಣ್ಣು, ಊದುಬತ್ತಿ. ಹೊಸ ಮೀಟರಿಗೂ ಅವನು ಆಗಲೇ ಕುಂಕುಮದ ಬೊಟ್ಟಿಟ್ಟಾಗಿತ್ತು. ಹೋಗುವಾಗ ಖಾಲಿ ಗಾಡಿ ಎಲ್ಲೂ ನಿಲ್ಲದೆ ಹಾಡುತ್ತ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಫರಸಿ ಕಲ್ಲು ತುಂಬಿಕೊಂಡು ಹಿಂದಿರುಗಿದರು.

ಅನಂತಗಿರಿಯ ಏರು ಶುರುವಾದಾಗ ಸೂಗಪ್ಪ ಮುಳ್ಳಿನ ಮೇಲಿಟ್ಟ ಕಣ್ಣು ಕೀಳಲಿಲ್ಲ. ನಾನೂರು. ಐನೂರು. ಗೇರು ಇಳಿಸಿದಾಗ ಆರುನೂರು. ಕೊನೆಯ ತಿರುವಿನಲ್ಲಿ ಆರುನೂರ ನಲವತ್ತು. ಏಳುನೂರು ದಾಟಿದರೆ ಮಾತ್ರ ಹೆದರಬೇಕು ಎಂದಿದ್ದಳು ಮಗಳು. ಮುಳ್ಳು ಏಳುನೂರರ ಹತ್ತಿರವೂ ಸುಳಿಯಲಿಲ್ಲ. ಸೂಗಪ್ಪ ಒಂದೊಂದಾಗಿ ಲೆಕ್ಕ ಹಾಕಿದ. ಇಂಜಿನ್ ಸರಿಯಿದೆ, ಕಾವು ಸರಿಯಿದೆ, ಡ್ರೈವರ್ ಸರಿಯಿದ್ದಾನೆ. ತಾನೇ ಗಾಡಿಗೆ ಕೂಡಿಸಿದ ಸಾಕ್ಷಿ ತನ್ನ ಕೈಯ ವಿರುದ್ಧವೇ ಸಾಕ್ಷಿ ಹೇಳುತ್ತಿದೆ. ಅವನು ಮುಖ ತಿರುಗಿಸಿ ಕಾಡು ನೋಡಿದ.

ಘಾಟಿಯ ನೆತ್ತಿಯಲ್ಲಿ, ರಸ್ತೆ ಸಮವಾಗುವಲ್ಲಿ, ಬೇವಿನ ಮರದ ಕೆಳಗೆ ಮೈಸಮ್ಮನ ಒಂದು ಪುಟ್ಟ ಗುಡಿ. ಪಕ್ಕದಲ್ಲಿ ಅಂಬವ್ವ ಎಂಬ ಮುದುಕಿಯ ತೆಂಗಿನಕಾಯಿ ಮತ್ತು ಚಹಾದ ಅಂಗಡಿ. ಹುಲಗೇಶ ಗಾಡಿಯನ್ನು ಎಡಕ್ಕೆ ತೆಗೆದುಕೊಂಡು ಗುಡಿಯ ಎದುರು ನಿಲ್ಲಿಸಿದ. ನಿಲ್ಲಿಸಿದ್ದೇ ತಡ, ಚಾವಿ ತಿರುಗಿಸಿ ಇಂಜಿನ್ ಬಂದ್ ಮಾಡಿ, ಕೈ ಮುಗಿದು, ನಿಂಬೆಹಣ್ಣು ಹಿಡಿದು ಕೆಳಗೆ ಹಾರಿದ.

ಕಾಡಿನ ಮೌನ ಕ್ಯಾಬಿನ್ನಿನೊಳಗೆ ಬಂತು. ಚಾವಿ ಬಂದಾಗಿದ್ದರೂ ಮೀಟರ್ ಮಾತ್ರ ಬದುಕಿತ್ತು, ನೇರ ಬ್ಯಾಟರಿಗೆ ಕೊಟ್ಟಿದ್ದ ಪುಣ್ಯ. ಸೂಗಪ್ಪ ನೋಡಿದ. ಮುಳ್ಳು ಐನೂರ ಎಂಬತ್ತರಲ್ಲಿತ್ತು. ಒಂದು ನಿಮಿಷವಾಯಿತು, ಐನೂರ ನಲವತ್ತು. ಅಂಬವ್ವನ ಅಂಗಡಿಯ ಮುಂದೆ ಕಾಯಿ ಒಡೆದ ಸದ್ದು ಕೇಳಿತು. ಎರಡು ನಿಮಿಷವಾಯಿತು, ಐನೂರು. ಕಾವು ಇಳಿಯಲೊಲ್ಲದು. ಇಳಿಸಬೇಕಾದ ಗಾಳಿ ನಿಂತಿದೆ, ಎಣ್ಣೆಯ ಓಟ ನಿಂತಿದೆ, ಟರ್ಬೊದ ಕಡ್ಡಿ ಆ ಕೆಂಡದ ಮಧ್ಯೆ ನಿಂತ ಎಣ್ಣೆಯಲ್ಲಿ ಬೇಯುತ್ತಿದೆ. ಸುಟ್ಟ ಪಲ್ಯ ಎಲ್ಲಿ ತಳ ಹಿಡಿಯುತ್ತಿತ್ತು ಎಂದು ಅವನಿಗೆ ಗೊತ್ತಾಯಿತು. ಗೊತ್ತಾದ ಖುಷಿಗೆ ಮಂಡಿಯ ನೋವು ಮರೆತು ಕೆಳಗೆ ಹಾರಿದ.

"ಎಲ್ಲೂ ಕೂಡಲೇ ಬಂದ್ ಮಾಡೂದಿಲ್ಲ ಅಂತ ಆಣೆ ಮಾಡಿದ್ಯಲ್ಲೋ ಹುಲಗೇಶ. ಇದೇನು?"

"ಎಲ್ಲೂ ಮಾಡೂದಿಲ್ರಿ ಕಾಕಾ." ಹುಲಗೇಶನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಇದು ಗಾಡಿ ನಿಲ್ಲಿಸಿದಂಗ ಅಲ್ಲಲ್ರಿ, ಇದು ಕೈ ಮುಗದಂಗ. ಅಮ್ಮನ ಮುಂದ ಇಂಜಿನ್ ಚಾಲೂ ಇಡತಾರೇನ್ರಿ? ಗಾಡೀನೂ ಚಪ್ಪಲಿ ಬಿಡಬೇಕಲ್ಲ."

ಆಮೇಲೆ ಅವನು ಮೆಲ್ಲಗೆ ಸೇರಿಸಿದ: "ನೀವ ಹೇಳಿಕೊಟ್ಟಿದ್ರಿ."

ಸೂಗಪ್ಪ ಬೇವಿನ ಕಟ್ಟೆಯ ಮೇಲೆ ಕೂತುಬಿಟ್ಟ. ಮೂವತ್ತನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ ಅವನ ಮುಂದೆ ಬಂದು ನಿಂತಿತು. ಚನ್ನಬಸಪ್ಪನ ಹಳೆಯ ಲಾರಿ. ಟರ್ಬೊ ಗಿರ್ಬೊ ಏನೂ ಇಲ್ಲದ ಮುಗ್ಧ ಇಂಜಿನ್ನು. ಘಾಟಿ ಹತ್ತುವಷ್ಟರಲ್ಲಿ ಅದರ ನೀರು ಕುದಿದು ಹೋಗುತ್ತಿತ್ತು. ನೆತ್ತಿಗೆ ಬಂದ ಕೂಡಲೇ ಬಂದ್ ಮಾಡಿ, ಆರುವ ತನಕ ಕಾಯುತ್ತಿದ್ದರು, ಎದುರಿಗೇ ಗುಡಿ ಇದ್ದುದರಿಂದ ಕೈ ಮುಗಿಯುತ್ತಿದ್ದರು. ವಿಷಯ ಇಷ್ಟೇ. ಶಾಲೆಗೆ ರಜೆಯೆಂದು ಜೊತೆಗೆ ಬಂದಿದ್ದ ಏಳು ವರ್ಷದ ಹುಲಗೇಶ ಬಂದ್ ಏಕೆ ಮಾಡಿದಿರಿ ಎಂದು ಕೇಳಿ ಕೇಳಿ ತಲೆ ತಿಂದ. ನೀರಿನ ಕೊಡ ಹೊತ್ತು ಸುಸ್ತಾಗಿದ್ದ ಕ್ಲೀನರ್ ಸೂಗಪ್ಪ, ದೇವರ ಮುಂದೆ ನಾವು ಚಪ್ಪಲಿ ಬಿಡುವುದಿಲ್ಲವೇ, ಗಾಡಿಯೂ ಚಪ್ಪಲಿ ಬಿಡುತ್ತದೆ ಎಂದು ಬಾಯಿಗೆ ಬಂದದ್ದು ಹೇಳಿ ಪಾರಾದ. ಹೇಳಿದವನು ಅಂದೇ ಮರೆತ. ಕೇಳಿದವನು ಮರೆಯಲಿಲ್ಲ. ಡ್ರೈವರ್ ಆದ ಮೇಲೆ ಹುಲಗೇಶ ಅದನ್ನು ಬೇರೆ ಡ್ರೈವರುಗಳಿಗೆ ಹೇಳಿದ, ಅವರು ಮತ್ತೆ ಬೇರೆಯವರಿಗೆ. ಸೂಗಪ್ಪ ನೋಡುತ್ತಿದ್ದಂತೆಯೇ ಇನ್ನೊಂದು ಕಲ್ಲಿನ ಲಾರಿ ಏದುಸಿರು ಬಿಡುತ್ತ ಬಂದು ಗುಡಿಯ ಮುಂದೆ ನಿಂತು, ಪಟ್ಟನೆ ಬಂದಾಯಿತು. ಅದರ ಡ್ರೈವರ್ ಭಕ್ತಿಯಿಂದ ಕಣ್ಣು ಮುಚ್ಚಿದ.

ಸೂಗಪ್ಪ ಹುಲಗೇಶನಿಂದ ಇಂಜಿನ್ ಮತ್ತೆ ಚಾಲೂ ಮಾಡಿಸಿ ಸ್ಲೋದಲ್ಲಿ ಬಿಡಿಸಿದ. ಇಬ್ಬರೂ ಮೀಟರ್ ನೋಡುತ್ತ ಕೂತರು. ತಣ್ಣನೆಯ ಹೊಗೆ ಓಡತೊಡಗಿದ್ದೇ ಮುಳ್ಳು ಸರಸರ ಇಳಿದು, ಮೂರು ನಿಮಿಷಕ್ಕೆ ನೂರ ತೊಂಬತ್ತಕ್ಕೆ ಬಂತು. ಹುಲಗೇಶನ ಮುಖ ಸಣ್ಣದಾಯಿತು. ಎರಡು ಟರ್ಬೊ ತಿಂದದ್ದು ತಾನೇ ಎಂದು ಸಾವಕಾರರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂದ.

ಅಲ್ಲಿಂದ ಚೇವೆಳ್ಳದ ಆಲದ ಮರಗಳ ತನಕ ಸೂಗಪ್ಪ ಆ ಮಾತನ್ನೇ ತೂಗಿ ನೋಡಿದ. ತಾನು ಪಾರಾಗುವ ದಾರಿ ಸುಲಭವಿತ್ತು. ಡ್ರೈವರ್ ಗಾಡಿಯನ್ನು ತಪ್ಪಾಗಿ ಬಂದ್ ಮಾಡುತ್ತಿದ್ದ ಎಂದು ಒಂದೇ ಮಾತು ಹೇಳಿದರೆ ಸಾಕು, ಕೈಯ ಮೇಲಿನ ಕಲೆ ಹೋಗುತ್ತದೆ. ಮಾತು ಸುಳ್ಳೂ ಅಲ್ಲ. ಆದರೆ ಅದನ್ನು ಹೇಳಿ ಮನೆಗೆ ಹೋದರೆ ಚನ್ನಬಸಪ್ಪನ ಹಳೆಯ ಲಾರಿಯ ನೆನಪು ಮತ್ತೆಂದೂ ತನಗೆ ಸಿಹಿಯಾಗಿ ಬರಲಾರದು ಎಂದು ಅವನಿಗೆ ಅನಿಸಿತು.

ಕಲ್ಲಿನ ಯಾರ್ಡಿನಲ್ಲಿ ಸೂರ್ಯಕಾಂತರ ಮುಂದೆ ನಿಂತು ಅವನು ಎಲ್ಲವನ್ನೂ ಮೊದಲಿನಿಂದ ಹೇಳಿದ: ಕುದಿಯುವ ನೀರು, ಏಳು ವರ್ಷದ ಹುಡುಗ, ಚಪ್ಪಲಿ, ಐನೂರರಲ್ಲಿ ನಿಂತ ಮುಳ್ಳು. ಹುಲಗೇಶ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಸೂರ್ಯಕಾಂತ ಗಂಭೀರವಾಗಿ ಕೇಳಿದರು. ಚಪ್ಪಲಿಯ ಮಾತು ಬಂದಾಗ ಅವರ ತುಟಿ ಒಮ್ಮೆ ಅಲುಗಿತು.

"ಅಂದ್ರ ನಿಮ್ಮ ಕೈ ಸೋತಿಲ್ಲ ಅಂತೀರಿ."

"ಕೈ ಚಲೋ ಐತ್ರಿ ಸಾವಕಾರ್ರ. ಕೆಟ್ಟದ್ದು ಬಾಯಿ. ಈ ಹುಡುಗಂದು ಏನೂ ತಪ್ಪಿಲ್ಲ, ಹಿರೇರ ಮಾತು ಕೇಳ್ಯಾನ."

ಸೂರ್ಯಕಾಂತ ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಲ್ಲಿನ ಅಟ್ಟಿಗೆ ಆತುಕೊಂಡು ನಕ್ಕರು. ಕೊನೆಗೆ ಕಣ್ಣು ಒರೆಸಿಕೊಂಡು, ತಮ್ಮ ಇನ್ನೊಂದು ಗಾಡಿಯ ಡ್ರೈವರೂ ಅಲ್ಲಿ ಬಂದ್ ಮಾಡುತ್ತಾನೆ, ಅದಕ್ಕೂ ಒಂದು ಮೀಟರ್ ಹಚ್ಚಿ ಎಂದರು. ಹುಲಗೇಶನಿಗೆ ಹೋಗಿ ಊಟ ಮಾಡು ಎಂದರು. ಕಂಪನಿಯ ವರ್ಕ್‌ಶಾಪಿನ ಮಾತು ಮತ್ತೆ ಬರಲಿಲ್ಲ.

ಉಳಿದದ್ದು ಆ ಪದ್ಧತಿಯ ಚಿಂತೆ. ಬಾಯಿಗೆ ಬಂದದ್ದು ಹೇಳಿ ಒಂದು ಸಂಪ್ರದಾಯ ಹುಟ್ಟಿಸುವುದು ಸುಲಭ, ಬಿಡಿಸುವುದು ಹೇಗೆ? ಡ್ರೈವರುಗಳು ಮೀಟರಿಗಾಗಿ ಮೈಸಮ್ಮನನ್ನು ಬಿಡುವವರಲ್ಲ, ಬಿಡಲಿ ಎಂದು ಸೂಗಪ್ಪನಿಗೂ ಇರಲಿಲ್ಲ. ಹೊಸದೊಂದು ಕಥೆ ಕಟ್ಟಲು ಅವನಿಗೆ ಭಯವಾಗಿತ್ತು. ದಾರಿ ಕಂಡವನು ಹುಲಗೇಶನೇ. ಗುಡಿಯ ಮುಂದೆ ಸೇರಿದ್ದ ಡ್ರೈವರುಗಳಿಗೆ ಅವನು ಹೀಗೆ ಹೇಳಿದನಂತೆ: ನಾವು ಚಪ್ಪಲಿ ಬಿಟ್ಟ ಕೂಡಲೇ ಒಳಗೆ ನುಗ್ಗುತ್ತೇವೆಯೇ, ಕಾಲು ತೊಳೆಯುತ್ತೇವೆ ತಾನೇ? ಗಾಡಿಗೂ ಮೂರು ನಿಮಿಷ ಕಾಲು ತೊಳೆಯಲು ಬಿಡಿ, ಆಮೇಲೆ ಬಂದ್ ಮಾಡಿ. ಎಲ್ಲರೂ ಒಪ್ಪಿದರು. ಮಾತು ಯಾರ ಶಿಷ್ಯನದು ಎಂದು ಸೂಗಪ್ಪನಿಗೆ ಕೇಳಿದೊಡನೆ ತಿಳಿಯಿತು.

ಮುಂದಿನ ವರ್ಷ ಅಮ್ಮನ ಬೋನಾಲು ಹಬ್ಬದ ಹೊತ್ತಿಗೆ ಮೂರನೆಯ ಟರ್ಬೊಕ್ಕೆ ಹದಿನಾರು ತಿಂಗಳು ತುಂಬಿ, ಅದು ಇನ್ನೂ ಹಾಡುತ್ತಲೇ ಇತ್ತು. ಒಂದು ಭಾನುವಾರ ಸೂಗಪ್ಪ ಹೆಂಡತಿ ಮಗಳನ್ನು ಕರೆದುಕೊಂಡು ಹುಲಗೇಶನ ಗಾಡಿಯಲ್ಲೇ ಗುಡಿಗೆ ಹೋದ. ಮೀಟರಿನ ವೈರು ಇನ್ನೂ ನೇರ ಬ್ಯಾಟರಿಗೇ ಇರುವುದನ್ನು ಉಮಾಶ್ರೀ ದಾರಿಯಲ್ಲಿ ನೋಡಿ ಬೈದಳು. ಈ ಗಾಡಿಯಲ್ಲಿ ಅದು ಹಾಗೆಯೇ ಇರುತ್ತದೆ ಎಂದು ಸೂಗಪ್ಪ ಖಡಾಖಂಡಿತ ಹೇಳಿದ.

ಗುಡಿಯ ಮುಂದೆ ನಾಲ್ಕು ಲಾರಿಗಳು ಸಾಲಾಗಿ ಸ್ಲೋದಲ್ಲಿ ಗುನುಗುತ್ತ ನಿಂತಿದ್ದವು. ಡ್ರೈವರುಗಳು ಇಳಿದಿರಲಿಲ್ಲ. ಇದರಿಂದ ನಿನ್ನ ವ್ಯಾಪಾರಕ್ಕೆ ತೊಂದರೆಯಾಯಿತೇ, ಸದ್ದು ಹೊಗೆ ಹೆಚ್ಚಾಯಿತೇ ಎಂದು ಸೂಗಪ್ಪ ಅಳುಕುತ್ತ ಅಂಬವ್ವನನ್ನು ವಿಚಾರಿಸಿದ. ಮುದುಕಿ ಲೋಟ ತೊಳೆಯುತ್ತ ಲಾರಿಗಳ ಕಡೆ ನೋಡಿದಳು.

"ಮೊದಲ ಹಾರಿ ಇಳದು, ಕಾಯಿ ಒಡದು, ಹಿಂದ ನೋಡದ ಓಡತಿದ್ರಪ್ಪ. ಈಗ ಮೂರು ನಿಮಿಷ ಮಾಡಾಕ ಬ್ಯಾರೆ ಕೆಲಸ ಇರೂದಿಲ್ಲ. ಸುಮ್ನ ಕುಂತು ಅಮ್ಮನ ಮಾರಿ ನೋಡತಾರ. ಇಷ್ಟು ವರ್ಷದಾಗ ಆಕೀ ಮಾರಿ ಯಾರೂ ಇಷ್ಟೊತ್ತು ನೋಡಿದ್ದಿಲ್ಲ."

ಸೂಗಪ್ಪನೂ ನೋಡಿದ. ಹದಿನೇಳನೆಯ ವಯಸ್ಸಿನಿಂದ ಕೈ ಮುಗಿದ ದೇವಿಗೆ ಬೆಳ್ಳಿಯ ಕಣ್ಣುಗಳಿವೆ, ಅದರಲ್ಲಿ ಎಡಗಣ್ಣು ಸ್ವಲ್ಪ ಚಿಕ್ಕದು ಎಂಬುದು ಅವನಿಗೆ ಅಂದೇ ತಿಳಿದದ್ದು. ಅಂಬವ್ವ ಚಹಾ ಸುರಿಯುವಾಗ, ಅವನ ರೂಢಿ ಬಲ್ಲ ಗದಿಗೆಮ್ಮ ಅರ್ಧ ಲೋಟ ಸಾಕು ಎಂದಳು. ಸೂಗಪ್ಪ ಬೇಡವೆಂದು ತಲೆಯಾಡಿಸಿ ತುಂಬಿಸಿಕೊಂಡ. ಹೆಬ್ಬೆರಳು ಅದುರಿ ನಾಲ್ಕು ಹನಿ ಚಹಾ ಅಂಗಿಯ ಮೇಲೆ ಬಿತ್ತು. ಎಲ್ಲರೂ ನೋಡುತ್ತಿದ್ದರು. ಅವನು ಒರೆಸಿಕೊಳ್ಳದೆ, ನಿಧಾನವಾಗಿ ಪೂರ್ತಿ ಲೋಟ ಕುಡಿದ.